ಸಕ್ಕರೆಯ ಸೀಮೆಯಲ್ಲಿ ನೇರಳೆ

ಮೃಗಶಿರಾ ಮಳೆ ಎರಡು ದಿನ ಹನಿದು ನಿಂತಿದ್ದಿತು. ಜ್ಯೇಷ್ಠಮಾಸವು ಮುಗಿಯುತ್ತ ಬಂದಿದ್ದ ಒಂದು ಬೆಳಗ್ಗೆ ನಾವು ಕುಟುಂಬಸಮೇತರಾಗಿ ಬೆಂಗಳೂರಿನಲ್ಲಿ ಮೈಸೂರಿನ ಕಡೆಯ ರೈಲುಬಂಡಿಯನ್ನೇರಿ ಮದ್ದೂರಿಗೆ ಹೊರಟೆವು. ಮಳವಳ್ಳಿಯ ಬಳಿಯ ಹಳ್ಳಿಯೊಂದರಲ್ಲಿ ನಮ್ಮ ಸೋದರತ್ತೆಯವರಿದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ; ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯುಂಟು. ಆ ವರ್ಷದ ಚೈತ್ರದಲ್ಲಿ ಅವರು ಕಾಲಿನ ಹುಣ್ಣಿನಿಂದ ನರಳಿ, ಆಸ್ಪತ್ರೆಯಲ್ಲಿ ಮೂರು ವಾರಗಳಿದ್ದು, ದೈವಕೃಪೆಯಿಂದ ಗುಣವಾಗಿ ಮನೆಗೆ ಮರಳಿದ್ದರು. ಅವರನ್ನು ನೋಡಿ ಮಾತನಾಡಿಸಿಕೊಂಡು ಬರುವುದೇ ನಮ್ಮ ಪ್ರಯಾಣದ ಮುಖ್ಯ ಉದ್ದೇಶ. ಈ ಪ್ರಯಾಣವು ಆದಿಯಿಂದ ಅಂತ್ಯದವರೆಗೆ ಒಂದು ಹಣ್ಣಿನ ಸುತ್ತಲೇ ತಿರುಗೀತೆಂದು ನಾವು ಹೊರಡುವಾಗ ಎಣಿಸಿರಲಿಲ್ಲ.

ಮದ್ದೂರು ನಿಲ್ದಾಣವೆಂದೊಡನೆ ವಡೆಯ ನೆನಪಾಗದವರು ಯಾರು? 1917ರಲ್ಲಿ ಆ ನಿಲ್ದಾಣದಲ್ಲಿಯೇ ಹುಟ್ಟಿತೆಂದು ಹೇಳಲಾಗುವ ಮದ್ದೂರು ವಡೆಯನ್ನು ಮಕ್ಕಳು ಆಗಲೇ ಕೈಗೆ ತೆಗೆದುಕೊಂಡಿದ್ದರು. ನಿಲ್ದಾಣದ ಹೊರಗೆ ಬೇಲಿಯ ನೆರಳಿನಲ್ಲಿ ಒಬ್ಬ ಮುದುಕಿ ಕುಕ್ಕೆಯನ್ನಿಟ್ಟುಕೊಂಡು ಕುಳಿತಿದ್ದಳು. ಕುಕ್ಕೆಯ ತುಂಬ ಕಪ್ಪಗೆ ಮಿರುಗುವ ನೇರಳೆಹಣ್ಣು. ಮೇಲೆ ಒಂದು ಹಿಡಿ ಹಸಿರೆಲೆ.

“ತಕ್ಕಳಿ ಸ್ವಾಮಿ, ಬೆಳಗಾನ ಉದುರಿಸಿದ್ದು. ಕಾಲ್ ಕೇಜಿ ಐವತ್ರುಪಾಯಿ.”

“ಐವತ್ತೆ!” ಎಂದು ನಮ್ಮ ಮನೆಯವರು ಬೆರಗಾದರು. “ಚಿಕ್ಕಂದಿನಲ್ಲಿ ದಾರಿಯಲ್ಲಿ ಬಿಟ್ಟಿ ಆಯ್ದು ತಿಂದ ಹಣ್ಣಲ್ಲವೇನಮ್ಮ ಇದು?”

ಮುದುಕಿ ನಕ್ಕಳು. “ಅವಾಗ ರಸ್ತೇಲೆಲ್ಲ ಮರ ಇದ್ವು ತಾಯಿ. ಇವಾಗ ಮರ ಎಲ್ಲವೆ? ಅದೂ ಅಲ್ದೆ ಸಕ್ರೆ ಕಾಯ್ಲೆಯೋರು ಹುಡುಕ್ಕೊಂಡು ಬತ್ತರೆ. ಹಣ್ಣಿಗಿಂತ ಬೀಜಕ್ಕೇ ಬೆಲೆ ಈಗ.”

ಅರ್ಧ ಕಿಲೋ ಹಣ್ಣನ್ನು ಕೊಂಡೆವು. ಮರ ಹೋಯಿತು, ಹಣ್ಣು ಔಷಧವಾಯಿತು ಎಂಬ ಮುದುಕಿಯ ಆ ಎರಡು ಮಾತುಗಳು ಮಾತ್ರ ನಮ್ಮ ಜೊತೆಯಲ್ಲಿಯೇ ಬಸ್ಸು ಹತ್ತಿದುವು.

ನೇರಳೆಯು ನಮ್ಮ ನಾಡಿಗೆ ಎಲ್ಲಿಂದಲೋ ಬಂದ ಹಣ್ಣಲ್ಲ. ಮನೆಯಲ್ಲಿ ಪೂಜೆಗೆ ಕುಳಿತು ಸಂಕಲ್ಪ ಮಾಡುವಾಗ ನಾವಿರುವ ಭೂಭಾಗವನ್ನು ಜಂಬೂದ್ವೀಪವೆನ್ನುವೆವಷ್ಟೆ. ಜಂಬೂ ಎಂದರೆ ನೇರಳೆಯೆಂಬುದೇ ರೂಢಿ. ಮೇರುಪರ್ವತದ ಬಳಿಯ ಜಂಬೂವೃಕ್ಷದ ಹಣ್ಣುಗಳು ಬಿದ್ದು ಒಡೆದು, ಅವುಗಳ ರಸವೇ ನದಿಯಾಗಿ ಹರಿಯಿತೆಂದೂ, ಆ ನದಿಯ ದಡದ ಮಣ್ಣು ಜಾಂಬೂನದವೆಂಬ ಚಿನ್ನವಾಯಿತೆಂದೂ ಪುರಾಣಗಳು ಹೇಳುವುವು. ಹಣ್ಣಿನ ಮರದ ಕೆಳಗೆ ನಿಂತು ಬಟ್ಟೆಗೆ ಕಲೆ ಮಾಡಿಕೊಂಡವರಿಗೆ ಈ ಕಥೆ ಅಷ್ಟೇನೂ ಅತಿಶಯವೆಂದು ತೋರಲಾರದು! ಕನ್ನಡಿಗರಾದರೋ ಒಂದು ಬಣ್ಣಕ್ಕೇ ಈ ಹಣ್ಣಿನ ಹೆಸರನ್ನಿಟ್ಟು ‘ನೇರಳೆ ಬಣ್ಣ’ವೆಂದರು. ರೇಷ್ಮೆಹುಳುವಿಗೆ ಸೊಪ್ಪನ್ನು ಕೊಡುವ ಗಿಡದ ಹಣ್ಣು ಅದೇ ಬಣ್ಣಕ್ಕೆ ತಿರುಗುವುದನ್ನು ಕಂಡು ಅದಕ್ಕೂ ‘ಹಿಪ್ಪುನೇರಳೆ’ ಎಂದು ಹೆಸರಿಟ್ಟರು. ಮದ್ದೂರು ಮಳವಳ್ಳಿಗಳ ಹೊಲಗಳಲ್ಲಿ ಹಿಪ್ಪುನೇರಳೆಯನ್ನು ಎಲ್ಲಿ ಬೇಕೆಂದರಲ್ಲಿ ಕಾಣಬಹುದು. ಆದರೆ ಹೆಸರಿನ ಹೊರತು ಇವೆರಡಕ್ಕೂ ನಂಟಿಲ್ಲ. ಹಿಪ್ಪುನೇರಳೆಯು ಹಲಸು ಅತ್ತಿಗಳ ಕುಲಕ್ಕೆ ಸೇರಿದುದು. ನೇರಳೆಯ ನಿಜವಾದ ದಾಯಾದಿಗಳು ಪನ್ನೇರಳೆ, ಸೀಬೆ ಮತ್ತು ನಮ್ಮ ಅಡಿಗೆಮನೆಯ ಲವಂಗ!

ಮಂಡ್ಯದ ಸೀಮೆಯನ್ನು ಈಗ ಎಲ್ಲರೂ ಸಕ್ಕರೆಯ ಸೀಮೆಯೆಂದು ಕರೆಯುವರು. ಈ ಹೆಸರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಕನ್ನಂಬಾಡಿಯಲ್ಲಿ 1911ರಲ್ಲಿ ಕಟ್ಟೆಯ ಕೆಲಸ ಮೊದಲಾಗಿ, ಮುಂದೆ ಕಾಲುವೆಯ ನೀರು ಈ ಬಯಲಿಗೆ ಹರಿಯಿತು. ಆಗ ಇರ್ವಿನ್ ಕಾಲುವೆಯೆನಿಸಿದ್ದುದು ಈಗ ವಿಶ್ವೇಶ್ವರಯ್ಯ ಕಾಲುವೆ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ರಾಗಿ ಜೋಳಗಳ ಹೊಲ ಕಬ್ಬಿನ ಗದ್ದೆಯಾಯಿತು, ಆಲೆಮನೆಗಳೆದ್ದುವು. ಇದಕ್ಕೆಲ್ಲ ಮೊದಲೇ ಹಳ್ಳದ ದಂಡೆಯಲ್ಲಿಯೂ, ಕೆರೆಯ ಏರಿಯ ಕೆಳಗೂ ನೇರಳೆ ತಾನಾಗಿ ಬೆಳೆದುಕೊಂಡಿದ್ದಿತು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ನೇರಳೆಕೆರೆಯೆಂದೇ ಒಂದು ಊರುಂಟು. ನೀರಿದ್ದೆಡೆ ನೇರಳೆಯೆಂದು ಹೇಳಿದರೆ ತಪ್ಪಾಗದು. ಈ ಮರದ ದಿಮ್ಮಿಯೂ ನೀರಿಗೆ ಬೇಗನೆ ಕೊಳೆಯದಾದುದರಿಂದ, ಬಾವಿಯ ತಳದ ಕಟ್ಟಡಕ್ಕೂ ಬೇಸಾಯದ ಮುಟ್ಟುಗಳಿಗೂ ಅದನ್ನು ಬಳಸುತ್ತಿದ್ದರು.

ನಮ್ಮ ಬಾಲ್ಯದಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಎರಡು ಬದಿಗಳಲ್ಲಿ ಆಲ, ಹುಣಿಸೆ, ಮಾವು, ನೇರಳೆಗಳ ಸಾಲುಮರಗಳು ಕೈಕೈ ಹಿಡಿದು ನಿಂತಿದ್ದುವು. ಶಾಲೆ ತೆರೆಯುವ ದಿನಗಳಿಗೂ ನೇರಳೆ ಕಳಿಯುವ ದಿನಗಳಿಗೂ ಸರಿಹೊಂದುತ್ತಿದ್ದಿತು. ಮರದ ಕೆಳಗೆ ಬಿದ್ದುದನ್ನು ಆಯ್ದು, ಊದಿ, ಜೇಬಿನಲ್ಲಿದ್ದ ಉಪ್ಪಿನ ಹರಳನ್ನು ಮುಟ್ಟಿಸಿ ತಿಂದು, ಯಾರ ನಾಲಗೆ ಹೆಚ್ಚು ನೀಲಿಯಾಯಿತೆಂದು ಒಬ್ಬರಿಗೊಬ್ಬರು ತೋರಿಸಿಕೊಂಡು, ತರಗತಿಗೆ ತಡವಾಗಿ ಹೋಗಿ ಬೆಂಚಿನ ಮೇಲೆ ನಿಂತವರು ನಾವು. ಆ ಹಣ್ಣಿಗೆ ಒಡೆಯನೂ ಇರಲಿಲ್ಲ, ಬೆಲೆಯೂ ಇರಲಿಲ್ಲ. ಬಡವರ ಮನೆಯ ಮಗುವಿಗೂ ಶಾನುಭೋಗರ ಮನೆಯ ಮಗುವಿಗೂ ಅದು ಒಂದೇ ಆಗಿದ್ದಿತು. 2023ರ ಮಾರ್ಚಿ ತಿಂಗಳಲ್ಲಿ ಹೊಸ ಹೆದ್ದಾರಿಯು ತೆರೆಯಿತು. ಪ್ರಯಾಣದ ಕಾಲ ಅರ್ಧಕ್ಕಿಳಿಯಿತೆಂಬುದು ನಿಜ, ಅದರ ಪ್ರಯೋಜನವನ್ನು ನಾವೂ ಪಡೆದಿದ್ದೇವೆ. ಆದರೆ ಅದಕ್ಕಾಗಿ ಸಾಲುಮರಗಳು ಉರುಳಿದುವು. ಮುದುಕಿಯು ಹೇಳಿದ ಮೊದಲನೆಯ ಮಾತಿನ ಅರ್ಥವಿದು.

ಎರಡನೆಯ ಮಾತಿನ ಅರ್ಥವು ಅತ್ತೆಯವರ ಮನೆಯನ್ನು ಸೇರಿದ ಮೇಲೆ ತಿಳಿಯಿತು.

ಮಳವಳ್ಳಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹಳ್ಳಿಗೆ ಬರುವ ವೇಳೆಗೆ ಮಧ್ಯಾಹ್ನವಾಗಿದ್ದಿತು. ಅತ್ತೆಯವರು ಜಗಲಿಯ ಮೇಲೆ ಕಾಲು ನೀಡಿಕೊಂಡು ಕುಳಿತಿದ್ದರು. ಬಲಗಾಲಿನ ಎರಡು ಬೆರಳುಗಳಿಲ್ಲ. ನಾವು ಅದನ್ನು ನೋಡಿಯೂ ನೋಡದವರಂತೆ ನಮಸ್ಕಾರ ಮಾಡಿದೆವು. ಅತ್ತೆಯವರೇ ಮಾತು ತೆಗೆದರು.

“ನೋಡಪ್ಪ, ಬೆರಳು ಎರಡು ಹೋಯಿತು, ಜೀವ ಉಳೀತು. ಯಾರನ್ನೂ ಬೈಯಲಾರೆ, ತಪ್ಪು ನನ್ನದೇ.”

ನಡೆದುದಿಷ್ಟು. ಹಿಂದಿನ ವರ್ಷ ನೇರಳೆಯ ಕಾಲದಲ್ಲಿ ಸಂತೆಯಲ್ಲಿ ಯಾರೋ ಒಬ್ಬರು ಬೀಜದ ಪುಡಿಯನ್ನು ಮಾರುತ್ತ, “ಇದನ್ನು ಎರಡು ಹೊತ್ತು ನೀರಿನಲ್ಲಿ ಕುಡಿದರೆ ಇಂಗ್ಲಿಷು ಮಾತ್ರೆಯ ಹಂಗಿಲ್ಲ” ಎಂದರಂತೆ. ಅತ್ತೆಯವರಿಗೆ ಹಣ್ಣಿನ ಮೇಲೆ ಮೊದಲಿನಿಂದಲೂ ನಂಬಿಕೆ. ಹಿರಿಯರು ತಿಂದ ಹಣ್ಣು, ಗಣಪತಿಗೆ ಪ್ರಿಯವಾದ ಹಣ್ಣು, ಅದರಿಂದ ಕೆಡುಕಾಗುವುದುಂಟೆ? ಮಾತ್ರೆಯನ್ನು ನಿಲ್ಲಿಸಿ ಪುಡಿಯನ್ನು ಹಿಡಿದರು. ಮನೆಯವರಿಗೂ ಹೇಳಲಿಲ್ಲ. ಕಹಿಯೂ ಒಗರೂ ಆದ ಪುಡಿ ನಾಲಗೆಗೆ ತಗುಲಿದಾಗಲೆಲ್ಲ ಕಾಯಿಲೆ ಓಡಿಹೋಗುತ್ತಿದೆಯೆಂದೇ ಅವರ ಎಣಿಕೆ. ಐದು ತಿಂಗಳು ಕಳೆಯಿತು. ಬಾಯಾರಿಕೆ ಹೆಚ್ಚಿತು, ಮೈ ಇಳಿಯಿತು. ಕಲ್ಲು ತಾಗಿ ಆದ ಚಿಕ್ಕ ಗಾಯ ಮಾಯದೆ ಹೋಯಿತು. ಆಸ್ಪತ್ರೆಯಲ್ಲಿ ನೋಡಿದಾಗ, ಬರಿಯ ಹೊಟ್ಟೆಯಲ್ಲಿಯೇ ರಕ್ತದ ಸಕ್ಕರೆಯ ಅಂಕ 300ನ್ನು ಮೀರಿದ್ದಿತು. ಆರೋಗ್ಯವಂತರಲ್ಲಿ ಅದು 100ರ ಒಳಗಿರತಕ್ಕದ್ದು. 126ನ್ನು ಮುಟ್ಟಿದರೆ ಕಾಯಿಲೆಯೆಂದು ವೈದ್ಯರು ಗಣಿಸುವರು.

“ಹಣ್ಣಿನದೇನೂ ದೋಷವಿಲ್ಲ, ಅತ್ತೆ,” ಎಂದೆವು.

“ಹಣ್ಣಿಗೆ ದೋಷ ಯಾರು ಹೇಳ್ತಾರೆ? ಹಣ್ಣನ್ನು ಹಣ್ಣು ಅಂತ ತಿನ್ನದೆ ಹೋದೆನಲ್ಲ, ಅದೇ ದೋಷ,” ಎಂದರು ಅತ್ತೆಯವರು.

ಈ ಮಾತನ್ನು ನಮ್ಮ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ಏಕೆಂದರೆ ಅತ್ತೆಯವರ ನಂಬಿಕೆಯು ಕೇವಲ ಹಳ್ಳಿಯ ನಂಬಿಕೆಯಲ್ಲ. ಇನ್ಸುಲಿನ್ ಎಂಬ ಔಷಧವು ರೋಗಿಗಳಿಗೆ ದೊರಕಿದುದು 1922ರಲ್ಲಿ. ಅದಕ್ಕೆ ಹಿಂದೆ, ಮಧುಮೇಹಕ್ಕೆ ಬೇರೆ ಗತಿಯಿಲ್ಲದಿದ್ದ ಕಾಲದಲ್ಲಿ, ಯೂರೋಪಿನ ವೈದ್ಯರೂ ನಮ್ಮ ನೇರಳೆಬೀಜವನ್ನು ತರಿಸಿ ಪರೀಕ್ಷಿಸಿದ್ದರು. ಬೀಜದ ಸಾರವು ಇಲಿಗಳೇ ಮೊದಲಾದ ಪ್ರಾಣಿಗಳಲ್ಲಿ ಸಕ್ಕರೆಯನ್ನು ಇಳಿಸಿತೆಂದು ಹಲವು ಪ್ರಯೋಗಗಳು ಹೇಳುವುವು. ಆದರೆ ಮನುಷ್ಯರ ಮಾತೇ ಬೇರೆ. ಬ್ರೆಜಿಲ್ ದೇಶದಲ್ಲಿಯೂ ನೇರಳೆಯೆಲೆಯ ಕಷಾಯವನ್ನು ಮಧುಮೇಹಕ್ಕೆ ಕುಡಿಯುವ ರೂಢಿಯುಂಟು. ಅಲ್ಲಿನ ವೈದ್ಯರು ಅದನ್ನು ಕ್ರಮವಾಗಿ ಪರೀಕ್ಷಿಸಿ, ಸಕ್ಕರೆಯನ್ನು ಇಳಿಸುವ ಗುಣ ಕಂಡುಬರಲಿಲ್ಲವೆಂದು 2000ದಲ್ಲಿ ಪ್ರಕಟಿಸಿದರು. ಬೀಜದ ಪುಡಿಯು ವೈದ್ಯರ ಮಾತ್ರೆಯ ಸ್ಥಾನವನ್ನು ತುಂಬಬಲ್ಲುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ. ಆದಕಾರಣ ಪುಡಿಯ ಮೇಲೆ ಆಸೆಯಿದ್ದವರು ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಲಿ. ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು.

ಹಾಗಾದರೆ ಹಣ್ಣಿನಲ್ಲಿ ಏನಿದೆ? ಇದನ್ನು ತಿಳಿಯುವುದು ಗೃಹಿಣಿಯರಿಗೆ ಅವಶ್ಯಕ. ನೂರು ಗ್ರಾಂ ತಿರುಳಿನಲ್ಲಿ ಸುಮಾರು 83 ಗ್ರಾಂ ನೀರು, ಸಕ್ಕರೆಯೇ ಮೊದಲಾದ ಶರ್ಕರಪಿಷ್ಟಗಳು 14ರಿಂದ 15 ಗ್ರಾಂ, ಸಸಾರಜನಕ ಒಂದು ಗ್ರಾಂಗೂ ಕಡಿಮೆ, ಕೊಬ್ಬು ಇಲ್ಲವೆನ್ನುವಷ್ಟು. ಇದರಿಂದ ಸುಮಾರು 60 ಕ್ಯಾಲೊರಿ ಶಕ್ತಿ ದೊರೆಯುವುದು. ಸಿ ಜೀವಸತ್ವವು 15 ಮಿಲಿಗ್ರಾಂ ಆಸುಪಾಸಿನಲ್ಲಿದೆ. ನೆಲ್ಲಿಯಲ್ಲಿಯೂ ಸೀಬೆಯಲ್ಲಿಯೂ ಇದರ ಎಷ್ಟೋ ಪಾಲು ಹೆಚ್ಚಾಗಿದೆ. ರಸವು ರಕ್ತದ ಬಣ್ಣವಾಗಿರುವುದರಿಂದ ತಿಂದರೆ ರಕ್ತ ಹೆಚ್ಚುವುದೆಂದು ಕೆಲವರ ಭಾವನೆ. ಆದರೆ ಕಬ್ಬಿಣಾಂಶಕ್ಕೆ ನೇರಳೆಗಿಂತ ನಮ್ಮ ರಾಗಿಯೇ ಮೇಲು: ನೂರು ಗ್ರಾಂ ರಾಗಿಯಲ್ಲಿ ಅದು ಸುಮಾರು 4 ಮಿಲಿಗ್ರಾಂ ಇದ್ದರೆ, ನೇರಳೆಯಲ್ಲಿ ಅದರ ಅಲ್ಪಭಾಗ ಮಾತ್ರ. ಇನ್ನೊಂದು ಮಾತು. ಸಿಹಿ ಕಡಿಮೆಯೆಂದು ತೋರಿದರೂ, ತೂಕಕ್ಕೆ ತೂಕ ಹಿಡಿದರೆ ನೇರಳೆಯ ಸಕ್ಕರೆಯು ಮಾವಿನದಕ್ಕಿಂತ ಬಹಳ ಕಡಿಮೆಯೇನೂ ಅಲ್ಲ. ಒಗರು ಸಿಹಿಯನ್ನು ಮರೆಮಾಡುವುದು, ಅಷ್ಟೆ. ಬಾಳೆಹಣ್ಣಿಗೆ ಹೋಲಿಸಿದರೆ ಕಡಿಮೆಯೆಂಬುದು ನಿಜ; ಅದರಲ್ಲಿ ಶರ್ಕರಪಿಷ್ಟ ಸುಮಾರು 23 ಗ್ರಾಂ. ನೇರಳೆಯ ಅನುಕೂಲವೆಂದರೆ ಒಗರಿನಿಂದಾಗಿ ಯಾರೂ ಅದನ್ನು ಮಿತಿಮೀರಿ ತಿನ್ನಲಾರರು. ಸಕ್ಕರೆ ಕಾಯಿಲೆಯವರು ವೈದ್ಯರ ಮಾತಿನ ಮೇರೆಗೆ ಹತ್ತು ಹನ್ನೆರಡು ಹಣ್ಣನ್ನು ಊಟದ ಲೆಕ್ಕದಲ್ಲಿ ಸೇರಿಸಿಕೊಂಡು ಸಂತೋಷವಾಗಿ ತಿನ್ನಬಹುದು.

ಬಣ್ಣಕ್ಕೆ ಕಾರಣವಾದ ವಸ್ತುವನ್ನು ಆಂಥೊಸಯನಿನ್ ಎಂದೂ, ಒಗರಿಗೆ ಕಾರಣವಾದುದನ್ನು ಟ್ಯಾನಿನ್ ಎಂದೂ ಕರೆಯುವರು. ಮೊದಲನೆಯದು ಹುಳಿ ಬಿದ್ದರೆ ಕೆಂಪಾಗುವುದು, ಸೋಪು ಸೋಡಗಳ ಕ್ಷಾರ ಬಿದ್ದರೆ ನೀಲಿಯಾಗುವುದು. ಆದುದರಿಂದಲೇ ನೇರಳೆಯ ಕಲೆಗೆ ಸೋಪನ್ನು ಹಚ್ಚಿದರೆ ಅದು ಇನ್ನಷ್ಟು ಕಪ್ಪಾಗಿ ಕಾಣುವುದು. ಮೊದಲು ತಣ್ಣೀರಿನಲ್ಲಿ ಹಿಂಡಿ, ನಿಂಬೆಯ ಹೋಳಿನಿಂದ ಉಜ್ಜಿ, ಆಮೇಲೆ ಒಗೆಯತಕ್ಕದ್ದು. ಎರಡನೆಯದಾದ ಟ್ಯಾನಿನ್ ಕಬ್ಬಿಣವನ್ನು ಮುಟ್ಟಿದೊಡನೆ ಕಪ್ಪಾಗುವುದು. ಆದಕಾರಣ ಕಬ್ಬಿಣದ ಬಾಂಡಲೆಯಲ್ಲಿ ನೇರಳೆಯ ಅಡಿಗೆ ಕೂಡದು. ಕಲ್ಲುಮರಿಗೆಯಾಗಲಿ ಸ್ಟೀಲಿನ ಪಾತ್ರೆಯಾಗಲಿ ಇರಲಿ. ನಮ್ಮ ಪೂರ್ವಿಕರೂ ಈ ಹಣ್ಣಿನ ವಿಷಯದಲ್ಲಿ ಕುರುಡು ಭಕ್ತರಾಗಿರಲಿಲ್ಲ. ಚರಕಸಂಹಿತೆಯು ವಾತವನ್ನು ಹೆಚ್ಚಿಸುವ ಪದಾರ್ಥಗಳಲ್ಲಿ ನೇರಳೆಯನ್ನು ಮೊದಲನೆಯದೆಂದು ಎಣಿಸುವುದು. ಹಸಿದ ಹೊಟ್ಟೆಯಲ್ಲಿ ತಿನ್ನಬೇಡಿರೆಂದು ಅಜ್ಜಿಯಂದಿರು ಗದರಿಸುತ್ತಿದ್ದುದು ವ್ಯರ್ಥವಲ್ಲ.

ಆ ಸಂಜೆ ಅತ್ತೆಯವರ ಸೊಸೆಯು ನಾವು ಒಯ್ದ ಹಣ್ಣಿಗೆ ಮನೆಯ ಹಿಂದಿನ ಮರದ ಹಣ್ಣನ್ನೂ ಕೂಡಿಸಿ ಅಡಿಗೆಗೆ ತೊಡಗಿದಳು. ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು ನೋಡಿ ಬರೆದುಕೊಂಡುದನ್ನು ಇಲ್ಲಿ ಕೊಡುತ್ತೇವೆ.

ತಿರುಳನ್ನು ತೆಗೆಯುವ ಕ್ರಮ: ನೇರಳೆ ಕಿತ್ತ ಮೇಲೆ ಕಳಿಯದು, ಸಾಧಾರಣವಾಗಿ ಎರಡು ದಿನಕ್ಕಿಂತ ಹೆಚ್ಚು ತಾಳದು. ಆದಕಾರಣ ಪೂರ್ತಿ ಕಪ್ಪಾಗಿ, ತೊಟ್ಟಿನ ಕಡೆಯೂ ಕೆಂಪುಳಿಯದ, ಬಿರಿಯದ ಹಣ್ಣನ್ನೇ ಆರಿಸಬೇಕು. ಉಪ್ಪುನೀರಿನಲ್ಲಿ ಹತ್ತು ನಿಮಿಷ ಬಿಟ್ಟು ತೊಳೆದು, ಸ್ವಲ್ಪ ನೀರು ಚಿಮುಕಿಸಿ ಕೈಯಿಂದ ಮೆಲ್ಲನೆ ಕಿವಿಚಿ, ಜರಡಿಯಲ್ಲಿ ಸೋಸಬೇಕು. ಬೀಜ ಒಡೆದರೆ ರಸ ಕಹಿಯಾಗುವುದು.

ಪಾನಕ: ಒಂದು ಪಾವು ತಿರುಳಿಗೆ ಅರ್ಧ ಪಾವು ಪುಡಿಬೆಲ್ಲ, ನಾಲ್ಕು ಪಾವು ನೀರು. ಬೆಲ್ಲವನ್ನು ಮೊದಲು ನೀರಿನಲ್ಲಿ ಕರಗಿಸಿ ಸೋಸಿಕೊಂಡು ತಿರುಳನ್ನು ಬೆರೆಸಿ, ನಾಲ್ಕು ಏಲಕ್ಕಿ, ಆರು ಕಾಳುಮೆಣಸುಗಳ ಪುಡಿಯನ್ನೂ ಚಿಟಿಕೆ ಉಪ್ಪನ್ನೂ ಹಾಕಬೇಕು. ಬೆಲ್ಲ ಬಿದ್ದಾಗ ಬಣ್ಣ ಮಂಕಾಗುವುದು; ಅರ್ಧ ನಿಂಬೆಯನ್ನು ಹಿಂಡಿದರೆ ಮತ್ತೆ ಕೆಂಪೇರುವುದು. ಮಕ್ಕಳು ಈ ಚಮತ್ಕಾರವನ್ನು ಎರಡು ಸಲ ಮಾಡಿಸಿ ನೋಡಿದರು! ಅತ್ತೆಯವರ ಪಾಲನ್ನು ಬೆಲ್ಲವಿಲ್ಲದೆ, ಉಪ್ಪು ಮೆಣಸು ಮಾತ್ರ ಹಾಕಿ ಬೇರೆ ಇಟ್ಟರು.

ಗೊಜ್ಜು: ಒಂದು ಪಾವು ತಿರುಳಿಗೆ ನಿಂಬೆಗಾತ್ರದ ಬೆಲ್ಲ, ರುಚಿಗೆ ಉಪ್ಪು. ಹುರಿದ ನಾಲ್ಕು ಒಣಮೆಣಸಿನಕಾಯಿ, ಕಾಲು ಚಮಚ ಮೆಂತ್ಯ, ಎರಡು ಚಮಚ ಕೊಬ್ಬರಿ ಇವನ್ನು ನುಣ್ಣಗೆ ಅರೆದು ಬೆರೆಸಿ, ಒಂದೇ ಕುದಿ ಬರಿಸಿ ಇಳಿಸಬೇಕು. ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಹುಣಿಸೆಹಣ್ಣು ಬೇಕಿಲ್ಲ. ಹೆಚ್ಚು ಕುದಿಸಿದರೆ ಒಗರು ಮುಂದಾಗುವುದು. ರಾಗಿಮುದ್ದೆಗೂ ಬಿಸಿಯನ್ನಕ್ಕೂ ಇದು ಸೊಗಸಾಗಿ ಹೊಂದುವುದು. ಮಲೆನಾಡಿನವರು ನೇರಳೆಯ ಚಿಗುರನ್ನು ಜೀರಿಗೆಯೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯ ಜೊತೆಗೆ ಅರೆದು ಮಜ್ಜಿಗೆಯಲ್ಲಿ ಕಲಸಿ ತಂಬುಳಿ ಮಾಡುವರು. ಉತ್ತರದೇಶದವರು ರಸವನ್ನು ಹುಳಿಯಿಸಿ ಸಿರ್ಕಾ ಮಾಡಿಡುವರು.

ಜಾಮು: ಈ ಸಂದರ್ಭದಲ್ಲಿ ಪರದೇಶದ ಮಾತೊಂದನ್ನು ಹೇಳಬೇಕಾಗಿದೆ. ಇಂಗ್ಲೆಂಡಿನಲ್ಲಿ ಡ್ಯಾಮ್ಸನ್ ಎಂಬ ಚಿಕ್ಕ ಕಪ್ಪು ಪ್ಲಮ್ ಹಣ್ಣುಂಟು. ಡಮಾಸ್ಕಸ್ ನಗರದ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿತೆನ್ನುವರು. ಅದೂ ನಮ್ಮ ನೇರಳೆಯಂತೆ ಹುಳಿಯೊಗರು. ಹಾಗೆಯೇ ತಿನ್ನುವವರು ಕಡಿಮೆ. ಅಲ್ಲಿನ ಗೃಹಿಣಿಯರು ಅದನ್ನು ಸಕ್ಕರೆಯಲ್ಲಿ ಕುದಿಸಿ ಚಳಿಗಾಲಕ್ಕೆಂದು ಭರಣಿಗಳಲ್ಲಿ ತುಂಬಿಡುವರು. ಕುಲದಲ್ಲಿ ಇವೆರಡೂ ಬೇರೆ ಬೇರೆಯಾದರೂ, ಜಮೈಕ ದ್ವೀಪದಲ್ಲಿ ನಮ್ಮ ನೇರಳೆಯನ್ನೇ ಡ್ಯಾಮ್ಸನ್ ಪ್ಲಮ್ ಎಂದು ಕರೆಯುವ ರೂಢಿಯುಂಟು. ಅವರ ಕ್ರಮವೇ ನಮಗೂ ಸಲ್ಲುವುದು: ನಾಲ್ಕರಲ್ಲಿ ಮೂರು ಪಾಲು ಕಳಿತ ಹಣ್ಣು, ಒಂದು ಪಾಲು ಇನ್ನೂ ಕೆಂಪಾಗಿರುವ ದೋರೆಹಣ್ಣು ಇರಲಿ. ಜಾಮನ್ನು ಗಟ್ಟಿಗೊಳಿಸುವ ಪೆಕ್ಟಿನ್ ದೋರೆಹಣ್ಣಿನಲ್ಲಿಯೇ ಹೆಚ್ಚು. ತಿರುಳಿನ ಮುಕ್ಕಾಲು ತೂಕದ ಸಕ್ಕರೆಯನ್ನು ಸೇರಿಸಿ ಅಗಲವಾದ ಪಾತ್ರೆಯಲ್ಲಿ ತಿರುವುತ್ತ ಕುದಿಸಬೇಕು. ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಹಾಕಿ ಓರೆಮಾಡಿದರೆ ಹರಿಯದೆ ನಿಂತಾಗ ನಿಂಬೆರಸ ಹಿಂಡಿ ಇಳಿಸಿ, ಬಿಸಿ ಮಾಡಿದ ಭರಣಿಯಲ್ಲಿ ತುಂಬಬೇಕು. ಇದು ಸಕ್ಕರೆ ಕಾಯಿಲೆಯವರ ತಿಂಡಿಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮರುದಿನ ಹಲಗೂರಿನ ಮೇಲೆ ಹಾಯ್ದು ಮುತ್ತತ್ತಿಗೆ ಹೋದೆವು. ಸೀತಾಮಾತೆಯ ಮುತ್ತಿನುಂಗುರ ಕಾವೇರಿಯಲ್ಲಿ ಜಾರಿ ಬೀಳಲು, ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ತೆಗೆದುಕೊಟ್ಟನೆಂಬುದು ಅಲ್ಲಿಯ ಸ್ಥಳಪುರಾಣ. ಮುತ್ತತ್ತಿರಾಯನ ದರ್ಶನ ಮಾಡಿಕೊಂಡು ದಡಕ್ಕೆ ಬಂದರೆ, ಹೊಳೆಮತ್ತಿಯ ಬಿಳಿಯ ಕಾಂಡಗಳ ನಡುವೆ ಹಳೆಯ ನೇರಳೆಮರಗಳು ನೀರಿನ ಮೇಲಕ್ಕೆ ಬಾಗಿ ನಿಂತಿದ್ದುವು. ಈ ಕಾಡು 1987ರಿಂದ ಕಾವೇರಿ ವನ್ಯಧಾಮವೆನಿಸಿದೆ. ಇಲ್ಲಿ ನೇರಳೆಗೆ ಗಿರಾಕಿಗಳ ಕೊರತೆಯಿಲ್ಲ. ಮೇಲೆ ಕೋತಿಗಳೂ ಹಕ್ಕಿಗಳೂ, ಕತ್ತಲಾದರೆ ಬಾವಲಿಗಳು, ನೆಲಕ್ಕುದುರಿದುದಕ್ಕೆ ಕರಡಿ. ಯಾವ ಪ್ರಾಣಿಯೂ ಬೀಜಕ್ಕೆ ಬೆಲೆ ಕಟ್ಟುವುದಿಲ್ಲ. ತಿರುಳನ್ನು ತಿಂದು ಬೀಜವನ್ನು ಇನ್ನೊಂದೆಡೆಯಲ್ಲಿ ಹಾಕಿ ಹೋಗುವುದು. ಕಾಡಿನಲ್ಲಿ ನೇರಳೆಯನ್ನು ನೆಟ್ಟವರು ಅವೇ ಅಲ್ಲವೆ?

ನಮ್ಮ ಚಿಕ್ಕ ಮಗಳು ಮರಳಿನ ಮೇಲೆ ಬಿದ್ದಿದ್ದ ಹಣ್ಣೊಂದನ್ನೆತ್ತಿ ಉಫ್ ಎಂದು ಊದಿದಳು. ಅದನ್ನು ಕಂಡು ನೆರೆಯ ತಮಿಳುನಾಡಿನವರು ಹೇಳುವ ಒಂದು ಕಥೆ ನೆನಪಾಯಿತು. ಅವ್ವೈಯಾರ್ ಎಂಬ ಮಹಾಕವಯಿತ್ರಿಯು ದಣಿದು ಮರದಡಿಗೆ ಬಂದಾಗ, ದನಗಾಹಿ ಹುಡುಗನೊಬ್ಬನು ನೇರಳೆಮರದ ಮೇಲಿಂದ, “ಅಜ್ಜಿ, ಸುಡುವ ಹಣ್ಣು ಬೇಕೊ, ಸುಡದ ಹಣ್ಣು ಬೇಕೊ?” ಎಂದು ಕೇಳಿದನಂತೆ. ಹಣ್ಣು ಸುಡುವುದುಂಟೆ ಎಂದು ಆಕೆ ನಕ್ಕಳು. ಆದರೆ ಬಿದ್ದ ಹಣ್ಣಿಗೆ ಮರಳಂಟಲು ಆಕೆಯೇ ಊದಬೇಕಾಯಿತು. “ಏನಜ್ಜಿ, ಬಹಳ ಸುಡುವುದೆ?” ಎಂದು ಹುಡುಗನು ನಗಲು, ಅವನು ಸಾಕ್ಷಾತ್ ಸುಬ್ರಹ್ಮಣ್ಯನೆಂದು ತಿಳಿದು ಆಕೆಯ ವಿದ್ಯಾಮದವು ಇಳಿಯಿತಂತೆ. ಎಲ್ಲವನ್ನೂ ಬಲ್ಲೆವೆಂದುಕೊಂಡವರಿಗೆ ನೇರಳೆಯು ಪಾಠ ಕಲಿಸುವುದು ಇಂದಿನ ಮಾತಲ್ಲ!

ಮಗ ಮರ ಹತ್ತುವೆನೆಂದು ಹಟ ಹಿಡಿದನು. ಜೊತೆಗೆ ಬಂದಿದ್ದ ಹಳ್ಳಿಯ ಯುವಕನು, “ಬ್ಯಾಡ ಕಣಪ್ಪ, ನೇರ್ಳೆ ಕೊಂಬೆ ಹೇಳ್ದೆ ಕೇಳ್ದೆ ಮುರೀತದೆ” ಎಂದು ತಡೆದನು. ನಿಜ. ಹುಣಿಸೆಯ ಕೊಂಬೆ ಬಳುಕಿ ಎಚ್ಚರಿಸುವುದು. ನೇರಳೆಯ ಕೊಂಬೆ ಪೆಡಸು. ಕೆಳಗೆ ಸೀರೆಯನ್ನೋ ಟಾರ್ಪಾಲನ್ನೋ ಹಿಡಿದು, ಗಳುವಿನಿಂದ ಕೊಂಬೆಯನ್ನು ಅಲುಗಿಸಿ ಉದುರಿಸುವುದೇ ಕ್ಷೇಮ.

ಹಳ್ಳಿಗೆ ಮರಳಿದಾಗ ಅತ್ತೆಯವರು ಹಿಂದಿನ ಸಂಜೆಯ ಬೀಜಗಳನ್ನೆಲ್ಲ ತೊಳೆಯಿಸಿ ಮೊರದಲ್ಲಿ ನೆರಳಿಗೆ ಹರಡಿಸಿದ್ದರು. ನಮಗೆ ಒಂದು ಕ್ಷಣ ಎದೆ ಧಸಕ್ಕೆಂದಿತು. “ಅತ್ತೆ, ಮತ್ತೆ ಪುಡಿಯೆ?” ಎಂದೆವು.

“ಪುಡಿಯಲ್ಲವೊ ಮಗು, ಸಸಿ,” ಎಂದು ಅವರು ನಕ್ಕರು. “ಇದು ಒಣಗಿಸಿಟ್ಟರೆ ಹುಟ್ಟೋದಿಲ್ಲ, ಹಸಿಯಲ್ಲೇ ಹಾಕಬೇಕು.”

ಅವರು ಹೇಳಿದುದು ಸರಿಯಾದ ಮಾತು. ನೇರಳೆಯ ಬೀಜ ಕೆಲವೇ ವಾರಗಳಲ್ಲಿ ಸತ್ತ್ವವನ್ನು ಕಳೆದುಕೊಳ್ಳುವುದು. ಹಸಿಯದನ್ನೇ ಚೀಲದ ಮಣ್ಣಿನಲ್ಲಿ ಒಂದು ಬೆರಳಿನಷ್ಟು ಆಳಕ್ಕೆ ಊರಿದರೆ, ಒಂದೊಂದು ಬೀಜದಿಂದ ಎರಡು ಮೂರು ಸಸಿಗಳೂ ಏಳುವುದುಂಟು. ಅವುಗಳಲ್ಲಿ ಪುಷ್ಟವಾದುದನ್ನು ಉಳಿಸಿಕೊಂಡು, ಮುಂದಿನ ಮುಂಗಾರಿನಲ್ಲಿ ನೆಲಕ್ಕೆ ನೆಡಬೇಕು. ಮರದಿಂದ ಮರಕ್ಕೆ ಮೂವತ್ತಡಿಯಾದರೂ ಅಂತರವಿರಲಿ. ಮನೆಯ ಗೋಡೆಗೂ ಬಟ್ಟೆ ಒಣಹಾಕುವ ತಂತಿಗೂ ದೂರವಿರಲಿ. ಬೀಜದ ಸಸಿ ಫಲ ಕೊಡಲು ಎಂಟು ಹತ್ತು ವರ್ಷ ಬೇಕು; ಕಸಿಯ ಗಿಡ ಅದಕ್ಕಿಂತ ಬೇಗ ಫಲಿಸುವುದು. ಒಮ್ಮೆ ಬೇರೂರಿದ ಮೇಲೆ ಆರೈಕೆ ಕಡಿಮೆ. ಹಳ್ಳದ ಒದ್ದೆಯನ್ನೂ ಬೇಸಗೆಯ ಒಣವನ್ನೂ ಅದು ತಾಳಬಲ್ಲುದು.

“ನಾನು ತಿಂತೀನೋ ಇಲ್ಲವೋ,” ಎಂದರು ಅತ್ತೆಯವರು, “ಶಾಲೆಗೆ ಹೋಗೋ ದಾರೀಲಿ ನಾಲ್ಕು ಮರ ಇರಲಿ ಅಂತ. ಮಕ್ಕಳು ದುಡ್ಡು ಕೊಡದೆ ತಿನ್ನಲಿ.”

ಹೊರಡುವ ದಿನ ಅವರು ಮಾತ್ರೆಯ ಡಬ್ಬಿಯನ್ನು ತೆಗೆದು, ನಮಗೆ ಕಾಣುವಂತೆ ಒಂದನ್ನು ನುಂಗಿ, ನೀರು ಕುಡಿದು, ಆಮೇಲೆ ಬಟ್ಟಲಿನಲ್ಲಿದ್ದ ಎಂಟು ನೇರಳೆಹಣ್ಣನ್ನು ಒಂದೊಂದಾಗಿ ಉಪ್ಪು ಮುಟ್ಟಿಸಿಕೊಂಡು ತಿಂದರು. ತಿಂದು ಮಕ್ಕಳ ಕಡೆ ತಿರುಗಿ ನಾಲಗೆಯನ್ನು ಚಾಚಿ ತೋರಿಸಿದರು. ಮಕ್ಕಳು ಕೈತಟ್ಟಿ ನಕ್ಕರು.

ವಾಚಕ ಮಹಾಶಯರೆ, ನೇರಳೆಯ ಕಾಲ ಬಹಳವೆಂದರೆ ಆರು ವಾರ. ಈ ದಿನಗಳಲ್ಲಿ ತಮ್ಮ ಮನೆಗೂ ಒಂದು ಪಾವು ಹಣ್ಣು ಬರಲಿ. ಗೃಹಿಣಿಯರು ಒಂದು ದಿನ ಗೊಜ್ಜನ್ನೂ ಒಂದು ದಿನ ಪಾನಕವನ್ನೂ ಮಾಡಿ ಬಡಿಸಲಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ಅವರು ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿರುವರೆ ಎಂಬುದನ್ನು ಮಕ್ಕಳು ಸೊಸೆಯಂದಿರು ಗೌರವದಿಂದ ವಿಚಾರಿಸಲಿ. ನಮ್ಮ ಅತ್ತೆಯವರನ್ನು ಐದು ತಿಂಗಳು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ತಿಂದ ಮೇಲೆ ನಾಲ್ಕು ಬೀಜಗಳನ್ನು ಎಸೆಯದೆ ಮಣ್ಣಿಗೆ ಹಾಕಲಿ. ನಾವು ತಂದ ಆರು ಬೀಜಗಳಲ್ಲಿ ನಾಲ್ಕು ಮೊಳೆತಿವೆ. ಇವನ್ನು ನೆಡಲು ನಮ್ಮ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯರು ಆಟದ ಬಯಲಿನ ಮೂಲೆಯನ್ನು ತೋರಿಸಿದ್ದಾರೆ. ಬರುವ ಮುಂಗಾರಿಗೆ ಅತ್ತೆಯವರೇ ಬಂದು ಮೊದಲ ಸಸಿಯನ್ನು ನೆಡುವೆನೆಂದು ಮಾತು ಕೊಟ್ಟಿದ್ದಾರೆ.